ಹಸೆಗೋಡೆಯಿಂದ ಬೀದಿಗೋಡೆಗೆ: ಚಿತ್ತಾರ ಮತ್ತು ವಾರ್ಲಿ

ಜನಪದ ಭಿತ್ತಿಚಿತ್ರಗಳು ಮನೆಯ ಗೋಡೆಯನ್ನು ದಾಟಿ ರೈಲು ನಿಲ್ದಾಣ, ಶಾಲೆ, ಮೇಲ್ಸೇತುವೆಗಳ ಗೋಡೆಗೆ ಬಂದಿರುವುದು ಇತ್ತೀಚಿನ ದಶಕಗಳ ಗಮನಾರ್ಹ ಸಂಗತಿ. ಈ ಸ್ಥಾನಾಂತರದಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ನೆರೆಯ ಎರಡು ರಾಜ್ಯಗಳ ಪರಂಪರೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಕರ್ನಾಟಕದ ಸಾಗರ, ಸೊರಬ, ಸಿದ್ದಾಪುರ ಪ್ರದೇಶದ ದೀವರ ಹೆಂಗಸರು ಮದುವೆಯ ಸಂದರ್ಭದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳುಪಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು. ವಧೂವರರು ಕೂಡುವ ಎಡೆಯ ಈ ಚಿತ್ರಕ್ಕೆ ಹಸೆಗೋಡೆ ಚಿತ್ತಾರವೆಂದು ಹೆಸರು. ಹಸೆ ಎಂದರೆ ಮದುವೆಯ ಆಸನವೂ ಹೌದು, ಬರೆದ ಚಿತ್ರವೂ ಹೌದು. ವಧೂವರರನ್ನು ಹಸೆಗೆ ಕರೆಯುವ ಹಾಡುಗಳೂ ಇವೆ. ಚಿತ್ರ, ಆಸನ, ಹಾಡು ಮೂರೂ ಇಲ್ಲಿ ಒಂದೇ ವಿಧಿಯ ಅಂಗಗಳು.

ವಾರ್ಲಿಯ ಮೂಲವೂ ಮದುವೆಯೇ. ಸುಮಂಗಲಿಯರು ಬರೆಯುವ ಲಗ್ನಚೌಕದೊಳಗೆ ಪಾಲಘಾಟ ದೇವಿ ನೆಲೆಸುತ್ತಾಳೆ, ಚೌಕವಿಲ್ಲದೆ ಲಗ್ನವಿಲ್ಲ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಕಲೆಯನ್ನು ಕಾಗದಕ್ಕೆ ತಂದು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಜಿವ್ಯಾ ಸೋಮಾ ಮಶೆ ಪ್ರಮುಖರು. 2011ರಲ್ಲಿ ಪದ್ಮಶ್ರೀ ಪಡೆದ ಅವರು 2018ರಲ್ಲಿ ನಿಧನರಾದರು.

ಸಾರ್ವಜನಿಕ ಗೋಡೆ ಈ ಪರಂಪರೆಯಿಂದ ಆರಿಸಿಕೊಂಡದ್ದು ಚೌಕವನ್ನಲ್ಲ, ತಾರಪಾ ವಾದ್ಯದ ಸುತ್ತ ಸುತ್ತುವ ನರ್ತಕರ ಸಾಲನ್ನು. ಕಾರಣ ಸ್ಪಷ್ಟ. ನರ್ತನ ಯಾವ ಗೋಡೆಗಾದರೂ ಒಗ್ಗುತ್ತದೆ. ಚೌಕಕ್ಕೆ ಮದುವೆ ಬೇಕು. ವಾರ್ಲಿಗಳ ನೆಲೆಯಿಂದ ದೂರದ, ಪುಣೆ ಜಿಲ್ಲೆಯ ಕುರಕುಂಭದಂತಹ ಕೈಗಾರಿಕಾ ಊರಿನ ದಾರಿಹೋಕನಿಗೆ ಅದು ಕೇವಲ ಸೊಗಸಾದ ಅಲಂಕಾರ. ಚಿತ್ತಾರದ ಜ್ಯಾಮಿತಿಯನ್ನು ಸಿಮೆಂಟಿನ ಗೋಡೆಗೆ ಎತ್ತಿಕೊಂಡಾಗಲೂ ಹಸೆಯ ಅರ್ಥ ಹೀಗೆಯೇ ಜಾರುವ ಸಂಭವವಿದೆ.

ಬರೆಯುವ ಕೈ ಯಾರದೆಂಬುದೂ ಮುಖ್ಯ. 2009ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಸಿನಿಮಾ ಬ್ಯಾನರುಗಳ ಕಲಾವಿದರಿಂದ ನಾಡಿನ ದೃಶ್ಯಗಳನ್ನು ಗೋಡೆಗಳ ಮೇಲೆ ಬರೆಸಿತು. 2017ರಲ್ಲಿ ಬಿಹಾರದ ಮಧುಬನಿ ನಿಲ್ದಾಣದ ಸುಮಾರು 7,000 ಚದರ ಅಡಿ ಗೋಡೆಯನ್ನಾದರೋ ಆ ಪರಂಪರೆಯ ಕಲಾವಿದರೇ ಚಿತ್ರಿಸಿದರು. ಮೊದಲನೆಯದರಲ್ಲಿ ನಾಡು ಚಿತ್ರದ ವಸ್ತುವಾಗಿದೆ. ಎರಡನೆಯದರಲ್ಲಿ ಪರಂಪರೆಯೇ ಕರ್ತೃ.

ಇದು ಬೀದಿಗೋಡೆಯ ನಿರಾಕರಣೆಯಲ್ಲ. ಅಳಿದುಹೋಗಬಹುದಾದ ರೇಖೆಗೆ ಅದು ಹೊಸ ಆಯುಸ್ಸನ್ನೂ, ಬರೆಯುವವರಿಗೆ ಕೂಲಿಯನ್ನೂ ಕೊಡಬಲ್ಲದು. ಆದರೆ ಮಣ್ಣಿನ ಗೋಡೆಗಳು ಕಡಿಮೆಯಾದಂತೆ ರೇಖೆಯೊಡನಿದ್ದ ಹಾಡು, ವಿಧಿ, ಹೆಸರುಗಳು ವೃದ್ಧೆಯರ ನೆನಪಿನಲ್ಲಿ ಮಾತ್ರ ಉಳಿಯುತ್ತವೆ. ಸಂಶೋಧಕರು ಛಾಯಾಚಿತ್ರದೊಡನೆ ಅವನ್ನೂ ದಾಖಲಿಸದಿದ್ದಲ್ಲಿ ನಮಗೆ ದಕ್ಕುವುದು ಚಿತ್ತಾರವಲ್ಲ, ಅದರ ಅಂಚು ಮಾತ್ರ.