ಇಂಚು, ಸೆಂಟು ಮತ್ತು ನಮ್ಮ ಶನಿವಾರದ ಕ್ಲಬ್

ಜೂನ್ ತಿಂಗಳಲ್ಲಿ ಕೊಡಗಿನ ಯಾರಿಗೇ ಫೋನ್ ಮಾಡಿ, ಮೊದಲ ಪ್ರಶ್ನೆ ‘ಊಟ ಆಯ್ತಾ’ ಅಲ್ಲ, ‘ನಿಮ್ಮಲ್ಲಿ ಎಷ್ಟು ಮಳೆ?’ ಎಂಬುದು. ‘ಎರಡು ಇಂಚು ನಲವತ್ತು ಸೆಂಟು’ ಎಂದು ಉತ್ತರ ಬರುತ್ತದೆ. ಇಂಚಿನ ನೂರನೇ ಒಂದು ಭಾಗವೇ ಸೆಂಟು. ಟಿ.ವಿ.ಯವರು ಹೇಳುವ ಮಿಲಿಮೀಟರ್ ನಮ್ಮ ತೋಟಗಳ ಬಾಯಿಗೆ ಇನ್ನೂ ಹತ್ತಿಲ್ಲ. ನನ್ನ ಅಪ್ಪ ಚೇರಂಬಾಣೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಏಳು ಗಂಟೆಗೆ, ಆಳುಗಳ ಹಾಜರಿ ಹಾಕುವ ಮೊದಲೇ, ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು ಅವರ ದಿನದ ಮೊದಲ ಕೆಲಸ. ಅದನ್ನು ನೋಡುತ್ತಲೇ ನಾನು ಬೆಳೆದೆ. ಅದು ವಿಜ್ಞಾನ ಎಂದು ಗೊತ್ತಾಗಿದ್ದು ಮಾತ್ರ ಬಿ.ಎಸ್ಸಿ. ಎರಡನೇ ವರ್ಷದಲ್ಲಿ, ಅದೂ ತರಗತಿಯಲ್ಲಿ ಅಲ್ಲ.

ನಮ್ಮ ಕಾಲೇಜಿನಲ್ಲಿ ವಿಜ್ಞಾನ ಸಂಘ ಇತ್ತು. ಎಲ್ಲ ಕಾಲೇಜುಗಳಲ್ಲೂ ಇರುವ ಹಾಗೆ. ವರ್ಷದ ಆರಂಭದಲ್ಲಿ ದೀಪ ಬೆಳಗಿಸಿ ಉದ್ಘಾಟನೆ, ಫೋಟೊ, ತಿಂಡಿ. ಆಮೇಲೆ ಸಂಘ ನಿದ್ದೆಗೆ ಜಾರಿದರೆ ಏಳುವುದು ಫೆಬ್ರುವರಿ 28ಕ್ಕೆ, ರಾಷ್ಟ್ರೀಯ ವಿಜ್ಞಾನ ದಿನದ ಪ್ರಬಂಧ ಸ್ಪರ್ಧೆಗೆ. ಅದರಲ್ಲಿ ನನಗೂ ಎರಡು ಪ್ರಮಾಣಪತ್ರ ಬಂದಿವೆ. ರಾಮನ್ ಪರಿಣಾಮದ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ರಾಮನ್ ಆ ಪ್ರಯೋಗವನ್ನು ಹೇಗೆ ಮಾಡಿದರು ಎಂದು ಯಾರಾದರೂ ಕೇಳಿದ್ದರೆ ಬಾಯಿ ಬರುತ್ತಿರಲಿಲ್ಲ.

ಎರಡನೇ ವರ್ಷ ನಮ್ಮ ಸೀನಿಯರ್ ಒಬ್ಬರು ಬೇಸಿಗೆ ರಜೆಯನ್ನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕಳೆದು ಬಂದರು. ಬಂದವರೇ, ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದೆ, ಬೇಕಾದವರು ಬನ್ನಿ ಎಂದರು. ಮುಖ್ಯ ಅತಿಥಿ ಇಲ್ಲ, ಅಧ್ಯಕ್ಷ–ಕಾರ್ಯದರ್ಶಿ ಇಲ್ಲ. ಪ್ರತಿಯೊಬ್ಬರೂ ಒಂದು ಪ್ರಶ್ನೆ ತರಬೇಕು, ಅಷ್ಟೆ. ಮೊದಲ ವಾರ ಹದಿನಾಲ್ಕು ಜನ ಇದ್ದೆವು, ಮೂರನೇ ವಾರಕ್ಕೆ ಐದು. ಆ ಐದು ಜನ ತಂದ ಪ್ರಶ್ನೆಗಳೋ! ಕ್ಯಾನ್ಸರ್‌ಗೆ ಗಿಡಮೂಲಿಕೆ, ಕಪ್ಪುಕುಳಿಯ ಒಳಗೆ ಏನಿದೆ, ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ. ಸೀನಿಯರ್ ನಗಲಿಲ್ಲ. ಒಂದು ಷರತ್ತು ಹಾಕಿದರು: ‘ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುವಷ್ಟರಲ್ಲಿ ಒಂದು ಚೂರಾದರೂ ಉತ್ತರ ಸಿಗುವ ಪ್ರಶ್ನೆ ತನ್ನಿ.’

ನಾನು ಕೇಳಿದ್ದು, ನಮ್ಮ ಐದೂ ಜನರ ಮನೆಗಳಲ್ಲಿ ಒಂದೇ ದಿನ ಒಂದೇ ಮಳೆ ಬರುತ್ತದಾ ಎಂದು. ಇದು ಸುಮ್ಮನೆ ಹೊಳೆದದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜರಿದಾಗ ನಾನು ಎಂಟನೇ ಕ್ಲಾಸು. ಆಮೇಲೆ ತಿಂಗಳುಗಟ್ಟಲೆ ಮನೆಮನೆಯಲ್ಲಿ ಕೇಳಿದ ಮಾತು ಒಂದೇ: ‘ಪೇಪರ್‌ನಲ್ಲಿ ಬಂದ ಲೆಕ್ಕ ಬೇರೆ, ನಮ್ಮಲ್ಲಿ ಸುರಿದದ್ದೇ ಬೇರೆ.’ ಅದು ನಿಜವೋ, ಭಯದಲ್ಲಿ ಹಾಗೆ ಅನಿಸಿದ್ದೋ ಎಂಬುದು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಉಪಕರಣಕ್ಕೆ ದುಡ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟ ಪುಸ್ತಕಗಳು ಎಷ್ಟಿವೆಯೆಂದರೆ, ಯಾರಾದರೂ ಕೇಳಲಿ ಎಂದು ಕಾಯುತ್ತಿರುವಂತೆ ಕಪಾಟಿನಲ್ಲಿ ಕೂತಿವೆ. ಆ ವರ್ಷ ನಾವು ಒಂಬತ್ತು ಮನೆಗಳ ಪುಸ್ತಕ ನೋಡಿದೆವು. ಒಂದು ಮನೆಯಲ್ಲಿ ‘ನೀವು ಸರ್ಕಾರದವರಾ, ಪರಿಹಾರದ ವಿಷಯಕ್ಕಾ?’ ಎಂದು ಕೇಳಿ ಬಾಗಿಲಲ್ಲೇ ನಿಲ್ಲಿಸಿದರು. ಇನ್ನೊಂದು ಮನೆಯ ಅಜ್ಜಿ ಕಾಫಿ, ಹಲಸಿನ ಚಿಪ್ಸ್ ಕೊಟ್ಟು, ತಮ್ಮ ಯಜಮಾನರು ತೀರಿಕೊಂಡ ದಿನದ ಸಾಲನ್ನೂ ತೋರಿಸಿದರು. ಆ ದಿನವೂ ಅಲ್ಲಿ ಮಳೆಯ ಅಂಕಿ ಇತ್ತು, ಅಕ್ಷರ ಮಾತ್ರ ಬೇರೆ. ‘ನಾನೇ ಬರೆದದ್ದು’ ಎಂದರು. ಪುಸ್ತಕ ಮನೆಯಿಂದ ಹೊರಗೆ ಕೊಡುವುದಿಲ್ಲ ಎಂದದ್ದರಿಂದ ಅಲ್ಲೇ ಕೂತು ಪುಟ ಪುಟ ಫೋಟೊ ತೆಗೆದುಕೊಂಡೆವು.

ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಎರಡು ತಿಂಗಳು ಹಿಡಿಯಿತು. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ನಮ್ಮಲ್ಲೊಬ್ಬ ಒಂದು ಇಡೀ ತಿಂಗಳನ್ನು ಗುಣಿಸಲು ಮರೆತ, ಅದನ್ನು ಹಿಡಿಯಲು ಒಂದು ಶನಿವಾರ ಹೋಯಿತು. ಕೊನೆಗೆ ಗ್ರಾಫ್ ಬಂದಾಗ ನಾವು ಕುಣಿದಾಡಿದೆವು. ಚೇರಂಬಾಣೆ, ನಾಪೋಕ್ಲು ಕಡೆಯ ಮನೆಗಳಲ್ಲಿ ಜೋರು ಮಳೆಯಾದ ಮರುದಿನ ಸರಿಯಾಗಿ ಸುಂಟಿಕೊಪ್ಪ ಕಡೆಯ ಮನೆಗಳಲ್ಲಿ ಜೋರು ಮಳೆ! ಒಂದು ಸಲವಲ್ಲ, ಮತ್ತೆ ಮತ್ತೆ. ಮಳೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ದಿನದಲ್ಲಿ ದಾಟುತ್ತದೆ ಎಂದು ನಾವು ಕಂಡುಹಿಡಿದೇಬಿಟ್ಟಿದ್ದೆವು. ಹಾಗಾದರೆ ಮುನ್ಸೂಚನೆಯನ್ನೂ ಕೊಡಬಹುದಲ್ಲ! ಅಂತರ ಕಾಲೇಜು ವಿಚಾರಗೋಷ್ಠಿಗೆ ಹೆಸರು ಕೊಟ್ಟೆವು.

ಗೋಷ್ಠಿಗೆ ಒಂಬತ್ತು ದಿನ ಇರುವಾಗ ಶನಿವಾರ ಅಭ್ಯಾಸಕ್ಕೆಂದು ಮಾತಾಡಿ ತೋರಿಸಿದೆವು. ಮೊದಲ ವರ್ಷದ ಹುಡುಗಿಯೊಬ್ಬಳು, ಆವರೆಗೆ ಒಂದು ಮಾತೂ ಆಡದವಳು, ಕೈ ಎತ್ತಿದಳು. ‘ಅಕ್ಕಾ, ಮೋಡ ಚೇರಂಬಾಣೆಯಿಂದ ಸುಂಟಿಕೊಪ್ಪಕ್ಕೆ ನಡೆದುಕೊಂಡು ಬಂದರೂ ಒಂದು ದಿನ ಬೇಡವಲ್ಲ?’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಅಳೆದದ್ದನ್ನು ಯಾವ ತಾರೀಖಿಗೆ ಬರೀತೀರಿ ಎಂದು ಕೇಳಿದೆ. ‘ಅದೆಂತ ಪ್ರಶ್ನೆ ಮಗಳೇ? ಅಳೆಯೋದು ಇವತ್ತು, ಮಳೆ ಬಂದದ್ದು ನಿನ್ನೆ ಅಲ್ವಾ? ನಿನ್ನೆ ತಾರೀಖಿಗೆ ಬರಿತೇನೆ.’ ಸುಂಟಿಕೊಪ್ಪದ ಮನೆಗಳಿಗೆ ಫೋನ್ ಮಾಡಿದರೆ, ಅಲ್ಲಿ ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ. ಹವಾಮಾನ ಇಲಾಖೆಯ ಪದ್ಧತಿಯೂ ಹಾಗೆಯೇ: ಹಿಂದಿನ ದಿನ ಬೆಳಿಗ್ಗೆ 8.30ರಿಂದ ಇಂದು ಬೆಳಿಗ್ಗೆ 8.30ರವರೆಗೆ ಸುರಿದದ್ದೆಲ್ಲ ಇಂದಿನ ಲೆಕ್ಕ. ಅಪ್ಪನದು ತಪ್ಪಲ್ಲ, ಅವರದೂ ತಪ್ಪಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಕೇಳದೆ ಹೋದ ತಪ್ಪು ನಮ್ಮದು. ತಾರೀಖು ಸರಿಮಾಡಿದೆವು. ನಮ್ಮ ಮಹಾ ಸಂಶೋಧನೆ ಐದು ನಿಮಿಷದಲ್ಲಿ ಮಾಯವಾಯಿತು.

ಒಂದು ತಪ್ಪು ಸಿಕ್ಕ ಮೇಲೆ ಮತ್ತೆ ಹುಡುಕತೊಡಗಿದೆವು. ಸಿಕ್ಕಿತು. ಕೆಲವು ಪುಸ್ತಕಗಳಲ್ಲಿ ಖಾಲಿ ಬಿಟ್ಟ ಸಾಲುಗಳಿದ್ದವು, ಅವನ್ನೆಲ್ಲ ನಾವು ಸೊನ್ನೆ ಎಂದು ಟೈಪ್ ಮಾಡಿದ್ದೆವು. ಹೋಗಿ ಕೇಳಿದರೆ, ಒಂದು ಮನೆಯವರು ಆ ಮೂರು ದಿನ ಮದುವೆಗೆ ಹೋಗಿದ್ದರು, ಅಳೆಯಲು ಯಾರೂ ಇರಲಿಲ್ಲ. ಅದು ಜುಲೈ! ಜುಲೈನಲ್ಲಿ ಮೂರು ದಿನ ಕೊಡಗಿನಲ್ಲಿ ಸೊನ್ನೆ ಮಳೆ ಎಂದು ನಾವು ಬರೆದಿದ್ದೆವು. ‘ಮಳೆ ಬರಲಿಲ್ಲ’ ಎಂಬುದೂ ‘ಅಳೆಯಲಿಲ್ಲ’ ಎಂಬುದೂ ಬೇರೆ ಬೇರೆ ಎಂದು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ. ಬಹುಶಃ ಎಲ್ಲೋ ಇದ್ದಿರಬಹುದು, ಪರೀಕ್ಷೆಗೆ ಬರದ ಕಾರಣ ಬಿಟ್ಟಿರಬಹುದು.

ಗೋಷ್ಠಿಯಿಂದ ಹೆಸರು ವಾಪಸ್ ತೆಗೆದುಕೊಳ್ಳೋಣ ಎಂದೆ. ಬೇಡ, ನಡೆದದ್ದನ್ನೇ ಹೇಳೋಣ ಎಂದರು ಸೀನಿಯರ್. ಹಾಗೆಯೇ ಹೇಳಿದೆವು. ಬಹುಮಾನ ಬರಲಿಲ್ಲ. ಉಳಿದ ಫಲಿತಾಂಶವೂ ದೊಡ್ಡದೇನಲ್ಲ: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದ ಮನೆಗಳ ಅಂಕಿಗಳೂ ಒಂದಕ್ಕೊಂದು ಹೊಂದುವುದಿಲ್ಲ, ಮುಂಗಾರು ಹಿಡಿದ ಮೇಲೆ, ಪ್ರಮಾಣದಲ್ಲಿ ವ್ಯತ್ಯಾಸ ಇದ್ದರೂ, ಏರಿಳಿತ ಎಲ್ಲ ಕಡೆ ಹೆಚ್ಚು ಕಡಿಮೆ ಒಟ್ಟಿಗೇ. ಅಪ್ಪನಿಗೆ ಹೇಳಿದರೆ, ‘ಇದು ಗೊತ್ತಿದ್ದದ್ದೇ. ಹೂ ಮಳೆ ಗುಡ್ಡದ ಈಚೆ ಬಂದರೆ ಆಚೆಯವನು ಸ್ಪ್ರಿಂಕ್ಲರ್ ಇಡ್ತಾನೆ’ ಎಂದರು. ನಿಜ. ಆದರೆ ಎಷ್ಟು ವ್ಯತ್ಯಾಸ ಎಂದು ಈಗ ಅಂಕಿಯಲ್ಲಿ ಹೇಳಬಲ್ಲೆವು. 2018ರ ಪ್ರಶ್ನೆಗೆ ಇದು ಉತ್ತರವಲ್ಲ. ಅದಕ್ಕೆ ಆ ಗುಡ್ಡಗಳ ಆಸುಪಾಸಿನ ಮನೆಗಳ ಪುಸ್ತಕಗಳೇ ಬೇಕು. ಕೆಲವು ಮನೆಗಳೇ ಉಳಿದಿಲ್ಲ.

ಕ್ಲಬ್ಬಿನಲ್ಲಿ ಇನ್ನೊಂದು ಅಭ್ಯಾಸ ಬೆಳೆಯಿತು. ವಾರಕ್ಕೊಂದು ಸಂಶೋಧನಾ ಲೇಖನ ಓದುವುದು. ನಮ್ಮಲ್ಲಿ ಮೂವರು ಪಿ.ಯು.ವರೆಗೆ ಕನ್ನಡ ಮಾಧ್ಯಮ. ಮೊದಲ ಲೇಖನದ ಮೊದಲ ಪ್ಯಾರಾದಲ್ಲೇ ಕತ್ತಲೆ. ಆಮೇಲೆ ಉಪಾಯ ಕಂಡುಕೊಂಡೆವು: ಪ್ಯಾರಾ ಬಿಟ್ಟು ಮೊದಲು ಒಂದೇ ಒಂದು ಚಿತ್ರ ನೋಡುವುದು. ಅಡ್ಡಗೆರೆಯಲ್ಲಿ ಏನಿದೆ, ನೇರಗೆರೆಯಲ್ಲಿ ಏನಿದೆ, ಹೇಗೆ ಅಳೆದರು ಎಂದು ಕನ್ನಡದಲ್ಲೇ ಜಗಳವಾಡುವುದು. ಜಗಳ ಮುಗಿಯುವಷ್ಟರಲ್ಲಿ ಇಂಗ್ಲಿಷೂ ಅರ್ಧ ಅರ್ಥವಾಗಿರುತ್ತದೆ. ‘ಕರೆಂಟ್ ಸೈನ್ಸ್’ ಮತ್ತು ಪದವಿ ವಿದ್ಯಾರ್ಥಿಗಳಿಗೆಂದೇ 1996ರಿಂದ ಬರುತ್ತಿರುವ ‘ರೆಸೊನೆನ್ಸ್’ ಆನ್‌ಲೈನ್‌ನಲ್ಲಿ ಉಚಿತ. ದುಡ್ಡು ಕೇಳುವ ಲೇಖನವಾದರೆ ಬರೆದವರಿಗೇ ಇಮೇಲ್ ಹಾಕಿ. ನಾವು ಹಾಕಿದವರಲ್ಲಿ ಹೆಚ್ಚಿನವರು ಪಿ.ಡಿ.ಎಫ್. ಕಳಿಸಿದರು, ಒಬ್ಬರು ನಮ್ಮ ಪ್ರಶ್ನೆಗೆ ಒಂದು ಪುಟ ಉತ್ತರವನ್ನೂ ಬರೆದರು.

ಬೆಂಗಳೂರಿನವರಿಗೆ ನೆಹರೂ ತಾರಾಲಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆಂದೇ ‘ರೀಪ್’ ಎಂಬ ತರಗತಿಗಳಿವೆ. ನಮಗೆ ಅದು ದೂರ. ಆದರೆ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಯಾವ ಊರಿನವರೂ ಅರ್ಜಿ ಹಾಕಬಹುದು. ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ, ಜೊತೆಗೆ ಭತ್ಯೆ. ಅರ್ಜಿಗೆ ಅಂಕಪಟ್ಟಿಯಷ್ಟೇ ಸಾಲದು, ಏನು ಮಾಡಬೇಕೆಂದಿದ್ದೀರಿ ಎಂಬ ಚಿಕ್ಕ ಬರಹ ಬೇಕು, ನಿಮ್ಮನ್ನು ಬಲ್ಲ ಅಧ್ಯಾಪಕರ ಪತ್ರ ಬೇಕು. ನಮ್ಮಂಥ ಕಾಲೇಜಿನವರು ಮುಗ್ಗರಿಸುವುದು ಆ ಬರಹದಲ್ಲಿ. ನಾನು ‘ಬಾಲ್ಯದಿಂದಲೂ ವಿಜ್ಞಾನವೆಂದರೆ ಆಸಕ್ತಿ’ ಎಂದು ಶುರುಮಾಡಿದ್ದೆ, ಸಿಗಲಿಲ್ಲ. ಮೋಡ ನಡೆಸಿದ ಹುಡುಗಿ ಮರುವರ್ಷ ಖಾಲಿ ಸಾಲಿನ ಕಥೆ ಬರೆದಳು, ಅವಳಿಗೆ ಸಿಕ್ಕಿತು.

ಇಷ್ಟೂ ದೊಡ್ಡದಾಯಿತು ಎನ್ನುವವರು ಫೆಬ್ರುವರಿಯ ಕ್ಯಾಂಪಸ್ ಹಕ್ಕಿ ಗಣತಿಯಿಂದ ಶುರುಮಾಡಬಹುದು. ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನು ಪಟ್ಟಿ ಮಾಡಿ ‘ಇಬರ್ಡ್’ನಲ್ಲಿ ಹಾಕುವುದು, ಅಷ್ಟೆ.

‘ಈ ಕ್ಲಬ್ಬು ಕ್ಲಬ್ಬು ಅಂತ ತಿರುಗಿದರೆ ಕೆಲಸ ಸಿಗ್ತದಾ?’ ಎಂದು ಅಮ್ಮ ಕೇಳುತ್ತಿದ್ದರು. ನೇರವಾಗಿ ಸಿಗುವುದಿಲ್ಲ ಅಮ್ಮ. ಎರಡು ಕಡೆ ಸಂದರ್ಶನದಲ್ಲಿ ಕ್ಲಬ್ಬಿನ ಬಗ್ಗೆ ಯಾರೂ ಕೇಳಲೇ ಇಲ್ಲ. ಮೂರನೆಯದು ಒಂದು ಕ್ಷೇತ್ರ ಸಂಶೋಧನೆಯ ಪ್ರಾಜೆಕ್ಟ್. ಅಲ್ಲಿ ಪದವಿಯ ಅಂಕ ನೋಡಿ ಮುಖ ಸಪ್ಪೆ ಮಾಡಿದವರು, ತಾರೀಖಿನ ಎಡವಟ್ಟು ಹೇಳತೊಡಗಿದಾಗ ಕುರ್ಚಿ ಹತ್ತಿರ ಎಳೆದುಕೊಂಡರು. ಹನ್ನೊಂದು ತಿಂಗಳ ಕೆಲಸ, ಕಾಯಂ ಅಲ್ಲ. ಈಗ ಅದರಲ್ಲೇ ಇದ್ದೇನೆ.

ವಿದ್ಯಾರ್ಥಿಗಳೇ ನಡೆಸುವ ಕ್ಲಬ್ಬಿನ ದೊಡ್ಡ ಕಷ್ಟ ದುಡ್ಡಲ್ಲ, ಮೂರು ವರ್ಷ. ಕೆಲಸ ಕಲಿಯುವ ಹೊತ್ತಿಗೆ ಬೀಳ್ಕೊಡುಗೆ ಸಮಾರಂಭ. ಸೀನಿಯರ್ ಹೋದ ವರ್ಷ ನಮ್ಮದೂ ಮುಚ್ಚಿಹೋಗುವುದರಲ್ಲಿತ್ತು, ನಾಲ್ಕು ಶನಿವಾರ ನಾನೊಬ್ಬಳೇ ಹೋಗಿ ಕೂತಿದ್ದೆ. ಎಲ್ಲ ಮಾಹಿತಿ ಅವರ ಲ್ಯಾಪ್‌ಟಾಪಿನಲ್ಲೂ ವಾಟ್ಸ್ಆ್ಯಪ್ ಗುಂಪಿನಲ್ಲೂ ಸಿಕ್ಕಿಕೊಂಡಿತ್ತು. ಆಮೇಲೆ ನಾವು ದಪ್ಪ ರಟ್ಟಿನ ಒಂದು ನೋಟ್‌ಬುಕ್ ಇಟ್ಟೆವು. ಯಾರ ಮನೆಯ ಪುಸ್ತಕ, ಅವರು ಯಾವ ತಾರೀಖಿಗೆ ಬರೆಯುತ್ತಾರೆ, ಎಲ್ಲಿ ತಪ್ಪಾಯಿತು, ಯಾರಿಗೆ ಇಮೇಲ್ ಹೋಗಿದೆ, ಎಲ್ಲವೂ ಅದರಲ್ಲಿ. ಕಾಲೇಜಿನ ತಾರಸಿಯಲ್ಲೂ ಒಂದು ಮಳೆಮಾಪಕ ಇಟ್ಟಿದ್ದೇವೆ. ಭಾನುವಾರ, ರಜೆಯ ದಿನ ಅಳೆಯುವವರು ವಾಚ್‌ಮನ್ ಅಣ್ಣ. ಹಾಜರಿ ನೋಡಿದರೆ ಕ್ಲಬ್ಬಿನ ಅತಿ ನಿಯತ್ತಿನ ಸದಸ್ಯ ಅವರೇ.

ಈ ವರ್ಷದ ಹುಡುಗರು ಪೂರ್ವದ ಕಡೆ ಹೊರಟಿದ್ದಾರೆ. ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರ ಸುತ್ತಿನ ಒಂದು ಪುಸ್ತಕವೂ ನಮ್ಮಲ್ಲಿ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜ ಬರೆದ ಮಳೆಯ ಲೆಕ್ಕ ಇದ್ದರೆ ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಗುಜರಿಗೆ ಹಾಕಬೇಡಿ. ಅವರು ಯಾವ ತಾರೀಖಿಗೆ ಬರೆಯುತ್ತಿದ್ದರು ಎಂದು ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಕೇಳಿ, ಮೊದಲ ಪುಟದಲ್ಲಿ ಬರೆದಿಡಿ.