ಮೊಮ್ಮಕ್ಕಳ ಕೈ ಹಿಡಿದು ಇತಿಹಾಸದ ಕಡೆಗೆ

ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದ ಜನಾಂಗಗಳಿಂದ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ನಾವಾದರೋ ರಜೆ ಬಂತೆಂದರೆ ಮೊಮ್ಮಕ್ಕಳನ್ನು ಮಾಲ್‌ಗೋ ವಾಟರ್ ಪಾರ್ಕಿಗೋ ಕರೆದೊಯ್ದು ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ನಮ್ಮ ಪಕ್ಕದಲ್ಲೇ ಇರುವ ಇತಿಹಾಸ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಕಾರವಾರ ಮತ್ತು ಅಂಕೋಲಾವನ್ನು ಒಂದೇ ದಿನದಲ್ಲಿ ನೋಡಬಹುದು. ಬೆಳಿಗ್ಗೆ ಕಾರವಾರದಿಂದ ಆರಂಭಿಸುವುದು ಒಳ್ಳೆಯದು. ಕಾಳಿ ನದಿ ಸಮುದ್ರ ಸೇರುವಲ್ಲಿ ನಿಂತು ಮಗುವಿಗೆ ಹೇಳಬೇಕು: 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದರು. ಆಗ ಈ ಸೀಮೆ ಬಿಜಾಪುರದ ಆದಿಲ್‌ಶಾಹಿಗಳದ್ದು. ಬಂದವರಿಗೆ ಬೇಕಾಗಿದ್ದದ್ದು ಕರಿಮೆಣಸು ಮತ್ತು ಬಟ್ಟೆ. ನದಿಯಾಚೆಗಿನ ಸದಾಶಿವಗಡ ಸೋಂದೆಯ ಅರಸರು ಕಟ್ಟಿಸಿದ ಕೋಟೆ. 1752ರಲ್ಲಿ ಅದು ಪೋರ್ಚುಗೀಸರ ವಶವಾಯಿತು. ಮುಂದೆ ಈ ಕರಾವಳಿ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿತ್ತು. 1799ರಲ್ಲಿ ಬ್ರಿಟಿಷರದ್ದಾಯಿತು. ಅಧಿಕಾರ ಯಾರ ಬಳಿಯೂ ಶಾಶ್ವತವಾಗಿ ಉಳಿಯುವುದಿಲ್ಲ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ತರಗತಿ ಬೇಕೆ?

ಅಲ್ಲಿಂದ ಕಡಲತೀರಕ್ಕೆ ಬರಬೇಕು. ಅದಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಬಂದು ತಂಗಿದ್ದರು, ಒಂದು ನಾಟಕವನ್ನೂ ಬರೆದರು.

ಮಧ್ಯಾಹ್ನ ಲುಹರ್ ನಮಾಝ್ ಮುಗಿಸಿ ಅಂಕೋಲಾಕ್ಕೆ ಹೊರಡಬಹುದು. ಮಕ್ಕಳಿಗೆ ದಂಡಿ ಗೊತ್ತು, ಅಂಕೋಲಾ ಗೊತ್ತಿಲ್ಲ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ, 1930ರ ಎಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿನ ಜನರು ಉಪ್ಪು ತಯಾರಿಸಿ ಕಾನೂನು ಮುರಿದರು. ಬಳಿಕ ಕರನಿರಾಕರಣೆ ಮಾಡಿದ ರೈತರು ಜಮೀನು ಕಳೆದುಕೊಂಡರು. ಅಂಕೋಲಾಕ್ಕೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮೆಣಸು ಕೊಳ್ಳಲು ಬಂದವರು ಕೊನೆಗೆ ಬಡವನ ಗಂಜಿಯ ಉಪ್ಪಿಗೂ ತೆರಿಗೆ ಹಾಕಿದರು. ಬೆಳಿಗ್ಗೆ ಕಂಡದ್ದಕ್ಕೂ ಸಂಜೆ ಕಂಡದ್ದಕ್ಕೂ ಇರುವ ನಂಟು ಇದು. ಮಗುವಿನ ಅಂಗೈಗೆ ಒಂದು ಹರಳು ಉಪ್ಪು ಹಾಕಿ ಇದನ್ನು ಹೇಳಿದರೆ ಅದು ಮರೆಯುವುದಿಲ್ಲ.

ಆಗ ಮಗು ಕೇಳುತ್ತದೆ: “ಇದರಲ್ಲಿ ನಮ್ಮವರು ಎಲ್ಲಿದ್ದರು?” ಈ ಪ್ರಶ್ನೆಗೆ ನಾವು ಎಚ್ಚರದಿಂದ ಉತ್ತರಿಸಬೇಕು. ಉಪ್ಪಿನ ತೆರಿಗೆ ಯಾರ ಧರ್ಮವನ್ನೂ ಕೇಳಲಿಲ್ಲ. ಅದನ್ನು ವಿರೋಧಿಸಿದವರೆಲ್ಲರೂ ನಮ್ಮವರೇ. ಇದೇ ಜಿಲ್ಲೆಯ ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಬಂದ ಇಬ್ನು ಬತೂತಾ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡದ್ದಾಗಿ ದಾಖಲಿಸಿದ್ದಾರೆ. ಅದನ್ನೂ ಹೇಳೋಣ, ವಿಶೇಷವಾಗಿ ಮೊಮ್ಮಗಳಿಗೆ. ಆದರೆ ಹೆಮ್ಮೆಗಾಗಿ ಇಲ್ಲದ್ದನ್ನು ಸೇರಿಸುವುದು ಬೇಡ, ಸಿಟ್ಟಿಗಾಗಿ ಇದ್ದದ್ದನ್ನು ಮುಚ್ಚಿಡುವುದೂ ಬೇಡ. ಗತಕಾಲದ ಬಗ್ಗೆ ಸುಳ್ಳು ಹೇಳುವುದೂ ಸುಳ್ಳು ಸಾಕ್ಷ್ಯವೇ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ” ಎನ್ನುವ ಅಜ್ಜನನ್ನು ಮಗು ಹೆಚ್ಚು ನಂಬುತ್ತದೆ.

ಹೊರಡುವ ಮುನ್ನ ನಾವೂ ಸ್ವಲ್ಪ ಓದಿಕೊಳ್ಳೋಣ. ಒಂದು ನೋಟ್‌ಬುಕ್, ಕುಡಿಯುವ ನೀರು, ನಡೆಯಲು ಗಟ್ಟಿ ಚಪ್ಪಲಿ ಸಾಕು. ಮೊಬೈಲ್ ಚೀಲದಲ್ಲಿರಲಿ. ಮನೆಗೆ ಮರಳಿದ ಮೇಲೆ ಕಂಡದ್ದನ್ನು ಮಗುವೇ ಎಲ್ಲರಿಗೂ ಹೇಳಲಿ.

ನೆನಪು ಒಂದು ಅಮಾನತ್ತು. ನಮ್ಮ ಹಿರಿಯರು ಅದನ್ನು ನಮ್ಮ ಕೈಗಿತ್ತು ಹೋದರು. ನಮ್ಮ ಮೊಣಕಾಲಿನಲ್ಲಿ ಬಲವಿರುವಾಗಲೇ ಅದನ್ನು ಮುಂದಿನವರಿಗೆ ತಲುಪಿಸೋಣ. ಅಲ್ಲಾಹನು ತೌಫೀಕ್ ನೀಡಲಿ.