ಸೀಮಿತ ಹಣದಲ್ಲಿ ಎಚ್.ಡಿ. ಟಿ.ವಿ. ಖರೀದಿ: ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಸಾಮಾನ್ಯ ಕುಟುಂಬವೊಂದು ಹಲವು ತಿಂಗಳ ಉಳಿತಾಯದಿಂದ ಅಥವಾ ಕಂತಿನ ಸಾಲದಿಂದ ಕೊಳ್ಳುವ ವಸ್ತುಗಳಲ್ಲಿ ಟಿ.ವಿ. ಸೆಟ್ ಒಂದಾಗಿದೆ. ಒಮ್ಮೆ ಕೊಂಡ ಸೆಟ್ಟನ್ನು ಕೆಲವು ತಿಂಗಳಲ್ಲೇ ಬದಲಾಯಿಸುವ ಅನುಕೂಲ ಬಹುತೇಕ ಕುಟುಂಬಗಳಿಗೆ ಇರುವುದಿಲ್ಲ. ಆದರೂ ಹೆಚ್ಚಿನ ಗ್ರಾಹಕರು ಅಂಗಡಿಯಲ್ಲಿ ಸಾಲಾಗಿ ಉರಿಯುತ್ತಿರುವ ಪರದೆಗಳ ಮುಂದೆ ನಿಂತ ನಂತರವೇ ಆಯ್ಕೆಯನ್ನು ಆರಂಭಿಸುತ್ತಾರೆ. ಇದರಿಂದ ಮನೆಗೆ ಬೇಡವಾದ ಸೌಲಭ್ಯಕ್ಕೆ ಹಣ ತೆರುವುದು, ಇಲ್ಲವೇ ಬೆಲೆ ಕಡಿಮೆಯೆಂದು ರಸೀದಿಯಿಲ್ಲದ ಸೆಟ್ ತಂದು ನಂತರ ಪರಿಹಾರಕ್ಕೆ ದಾರಿಯಿಲ್ಲದಂತಾಗುವುದು ಸಂಭವಿಸುತ್ತದೆ.

ಕೋಣೆಯ ಅಳತೆ, ಮನೆಗೆ ಬರುವ ಪ್ರಸಾರದ ಗುಣಮಟ್ಟ ಮತ್ತು ಒಟ್ಟು ವೆಚ್ಚ ಎಂಬ ಮೂರು ವಿಷಯಗಳನ್ನು ಅಂಗಡಿಗೆ ಹೋಗುವ ಮುನ್ನವೇ ನಿರ್ಧರಿಸಿಕೊಂಡಲ್ಲಿ ಹಾಗೂ ಖರೀದಿಯ ದಾಖಲೆಗಳನ್ನು ಕ್ರಮವಾಗಿ ಇಟ್ಟುಕೊಂಡಲ್ಲಿ ಸೀಮಿತ ಹಣದಲ್ಲಿಯೂ ತೃಪ್ತಿಕರವಾದ ಸೆಟ್ ಪಡೆಯಬಹುದಾಗಿದೆ. ಈ ಬಗ್ಗೆ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

ಎಚ್.ಡಿ. ಎಂದರೇನು?

ಟಿ.ವಿ. ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಅತಿ ಸಣ್ಣ ಚುಕ್ಕೆಗಳಿಂದ ಕೂಡಿರುತ್ತದೆ. ಚುಕ್ಕೆಗಳ ಸಂಖ್ಯೆ ಹೆಚ್ಚಿದಷ್ಟೂ ಚಿತ್ರದ ಸೂಕ್ಷ್ಮ ವಿವರಗಳನ್ನು ತೋರಿಸಲು ಸಾಧ್ಯವಾಗುತ್ತದೆ. ಮಾರುಕಟ್ಟೆಯಲ್ಲಿ ಬಳಕೆಯಲ್ಲಿರುವ ವರ್ಗಗಳು ಈ ಕೆಳಕಂಡಂತಿವೆ:

1. ಸಾಧಾರಣ ಸ್ಪಷ್ಟತೆಯ ಪ್ರಸಾರ: 720×576, ಅಂದರೆ ಸುಮಾರು 4.15 ಲಕ್ಷ ಚುಕ್ಕೆಗಳು.
2. ಎಚ್.ಡಿ. ರೆಡಿ: 1366×768, ಸುಮಾರು 10.49 ಲಕ್ಷ ಚುಕ್ಕೆಗಳು.
3. ಫುಲ್ ಎಚ್.ಡಿ.: 1920×1080, ಸುಮಾರು 20.74 ಲಕ್ಷ ಚುಕ್ಕೆಗಳು.
4. ಅಲ್ಟ್ರಾ ಎಚ್.ಡಿ. ಅಥವಾ 4ಕೆ: 3840×2160, ಸುಮಾರು 82.94 ಲಕ್ಷ ಚುಕ್ಕೆಗಳು.

'ಎಚ್.ಡಿ. ರೆಡಿ' ಮತ್ತು 'ಫುಲ್ ಎಚ್.ಡಿ.' ಒಂದೇ ಅಲ್ಲವೆಂಬುದನ್ನು ಗ್ರಾಹಕರು ಗಮನಿಸತಕ್ಕದ್ದು. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿರುವ ಹೆಸರಿಗಿಂತ ವಿವರಗಳ ಪಟ್ಟಿಯಲ್ಲಿ 'ರೆಸಲ್ಯೂಷನ್' ಎಂಬುದರ ಎದುರು ನೀಡಿರುವ ಅಂಕಿಗಳನ್ನು ಓದುವುದು ಸೂಕ್ತ. ಕೆಲವು ಸೆಟ್‌ಗಳು 4ಕೆ ಚಿತ್ರವನ್ನು ಸ್ವೀಕರಿಸುತ್ತವೆಯಾದರೂ ಪರದೆಯಲ್ಲಿ ಅಷ್ಟು ಚುಕ್ಕೆಗಳು ಇರುವುದಿಲ್ಲ.

ಮೊದಲನೆಯದು: ಕೋಣೆಯ ಅಳತೆ

ಟಿ.ವಿ. ಇಡುವ ಗೋಡೆಯಿಂದ ಮನೆಯವರು ಕುಳಿತುಕೊಳ್ಳುವ ಸ್ಥಳದವರೆಗಿನ ದೂರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಪರದೆಯ ಗಾತ್ರವನ್ನು ಅದರ ಕರ್ಣದ ಉದ್ದದಿಂದ ಸೂಚಿಸಲಾಗುತ್ತದೆ. 32 ಅಂಗುಲವೆಂದರೆ ಸುಮಾರು 80 ಸೆಂ.ಮೀ. ಹಾಗೂ 43 ಅಂಗುಲವೆಂದರೆ ಸುಮಾರು 108 ಸೆಂ.ಮೀ. ಸಾಮಾನ್ಯವಾಗಿ 5ರಿಂದ 6 ಅಡಿ ದೂರಕ್ಕೆ 32 ಅಂಗುಲ, 6ರಿಂದ 8 ಅಡಿ ದೂರಕ್ಕೆ 43 ಅಂಗುಲ ಮತ್ತು ಅದಕ್ಕಿಂತ ಹೆಚ್ಚಿನ ದೂರಕ್ಕೆ 50 ಅಥವಾ 55 ಅಂಗುಲದ ಪರದೆ ಹೊಂದಿಕೆಯಾಗುತ್ತದೆ.

ಮನುಷ್ಯನ ಕಣ್ಣಿನ ಗ್ರಹಣಶಕ್ತಿಗೆ ಮಿತಿಯಿದೆ. ಸಹಜ ದೃಷ್ಟಿಯುಳ್ಳ ವ್ಯಕ್ತಿಯು 32 ಅಂಗುಲದ ಎಚ್.ಡಿ. ರೆಡಿ ಪರದೆಯನ್ನು ಸುಮಾರು 6 ಅಡಿಗಿಂತ ದೂರದಿಂದ ನೋಡಿದಾಗ ಅದರ ಚುಕ್ಕೆಗಳು ಪ್ರತ್ಯೇಕವಾಗಿ ಕಾಣುವುದಿಲ್ಲ. ಅಷ್ಟು ದೂರದಿಂದ ಅದೇ ಗಾತ್ರದ ಫುಲ್ ಎಚ್.ಡಿ. ಪರದೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. 43 ಅಂಗುಲದ ಫುಲ್ ಎಚ್.ಡಿ. ಪರದೆಗೆ ಈ ಮಿತಿಯು ಸುಮಾರು ಐದೂವರೆ ಅಡಿ. ಆದುದರಿಂದ 8 ಅಡಿ ದೂರದಲ್ಲಿ ಕುಳಿತು ನೋಡುವ ಕುಟುಂಬವು 43 ಅಂಗುಲದ ಸೆಟ್‌ನಲ್ಲಿ ಕೇವಲ ಚುಕ್ಕೆಗಳ ಸಂಖ್ಯೆಗಾಗಿ 4ಕೆ ಆಯ್ದುಕೊಂಡು ಹೆಚ್ಚು ಹಣ ನೀಡುವ ಅಗತ್ಯವಿಲ್ಲ. ಬೆಲೆಯ ಅಂತರ ಅಲ್ಪವಾಗಿದ್ದಲ್ಲಿ ಅಡ್ಡಿಯಿಲ್ಲ.

ಎರಡನೆಯದು: ಮನೆಗೆ ಬರುವ ಪ್ರಸಾರ

ಎಚ್.ಡಿ. ಸೆಟ್ ತಂದ ಮಾತ್ರಕ್ಕೆ ಚಿತ್ರ ಎಚ್.ಡಿ. ಆಗುವುದಿಲ್ಲ. ಪ್ರಸಾರದಲ್ಲಿ ಇಲ್ಲದ ವಿವರವನ್ನು ಪರದೆಯು ಹೊಸದಾಗಿ ಉಂಟುಮಾಡಲಾರದು. ಸಾಧಾರಣ ಸ್ಪಷ್ಟತೆಯ ವಾಹಿನಿಯನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಚಿತ್ರವು ಹಳೆಯ ಚಿಕ್ಕ ಟಿ.ವಿ.ಗಿಂತಲೂ ಮಸುಕಾಗಿ ತೋರುವುದುಂಟು. ಆದುದರಿಂದ ಈ ಕೆಳಕಂಡ ಅಂಶಗಳನ್ನು ಮೊದಲೇ ಪರಿಶೀಲಿಸತಕ್ಕದ್ದು:

1. ಕೇಬಲ್ ಸಂಪರ್ಕ: ಬೆಂಗಳೂರು ಮತ್ತು ಮೈಸೂರು ನಗರಗಳು 2013ರಲ್ಲಿ ಡಿಜಿಟಲ್ ಕೇಬಲ್ ವ್ಯವಸ್ಥೆಗೆ ಸೇರಿದವು. ನಂತರದ ಹಂತಗಳಲ್ಲಿ ಇತರ ಪಟ್ಟಣಗಳಿಗೂ ಗ್ರಾಮಗಳಿಗೂ ಇದನ್ನು ವಿಸ್ತರಿಸಲಾಯಿತು. ಆದರೆ ಡಿಜಿಟಲ್ ಪೆಟ್ಟಿಗೆಗಳೆಲ್ಲವೂ ಎಚ್.ಡಿ. ಪೆಟ್ಟಿಗೆಗಳಲ್ಲ. ಮನೆಯಲ್ಲಿರುವ ಸೆಟ್ ಟಾಪ್ ಬಾಕ್ಸ್ ಯಾವ ವರ್ಗದ್ದೆಂದು ಕೇಬಲ್ ನಿರ್ವಾಹಕರಿಂದ ತಿಳಿದುಕೊಳ್ಳಬೇಕು. ಹೊಸ ಪೆಟ್ಟಿಗೆಯ ಬೆಲೆ ಹಾಗೂ ಎಚ್.ಡಿ. ವಾಹಿನಿಗಳ ಮಾಸಿಕ ಶುಲ್ಕವನ್ನು ಸಹ ವಿಚಾರಿಸಬೇಕು.

2. ಡಿ.ಡಿ. ಫ್ರೀ ಡಿಶ್: ಪ್ರಸಾರ ಭಾರತಿಯ ಈ ಸೇವೆಗೆ ಮಾಸಿಕ ಶುಲ್ಕವಿರುವುದಿಲ್ಲ. ಇದರ ಬಹುತೇಕ ವಾಹಿನಿಗಳು ಸಾಧಾರಣ ಸ್ಪಷ್ಟತೆಯವು. ಇದನ್ನೇ ಅವಲಂಬಿಸಿರುವ ಕುಟುಂಬಕ್ಕೆ 32 ಅಂಗುಲದ ಎಚ್.ಡಿ. ರೆಡಿ ಸೆಟ್ ಸಾಕಾಗುತ್ತದೆ.

3. ಇಂಟರ್ನೆಟ್: ಫುಲ್ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ವೇಗ ಹಾಗೂ ಗಂಟೆಗೆ 2ರಿಂದ 3 ಜಿ.ಬಿ. ದತ್ತಾಂಶ ಬೇಕಾಗುತ್ತದೆ. ದಿನಕ್ಕೆ ಒಂದೂವರೆ ಅಥವಾ 2 ಜಿ.ಬಿ. ಮಿತಿಯ ಮೊಬೈಲ್ ಸಂಪರ್ಕವನ್ನೇ ಟಿ.ವಿ.ಗೆ ಬಳಸುವ ಮನೆಗಳಲ್ಲಿ ಒಂದು ಚಲನಚಿತ್ರ ಮುಗಿಯುವ ಮುನ್ನವೇ ಆ ದಿನದ ಮಿತಿ ಮುಗಿಯಬಹುದು.

4. ಸಂಪರ್ಕ ತಂತಿ: ಎಚ್.ಡಿ. ಪೆಟ್ಟಿಗೆಯನ್ನು ಹಳದಿ, ಕೆಂಪು ಮತ್ತು ಬಿಳಿ ಬಣ್ಣದ ಮೂರು ಪಿನ್ನುಗಳ ತಂತಿಯಿಂದ ಜೋಡಿಸಿದಲ್ಲಿ ಚಿತ್ರವು ಸಾಧಾರಣ ಸ್ಪಷ್ಟತೆಯಲ್ಲಿಯೇ ಬರುತ್ತದೆ. ಎಚ್.ಡಿ. ಚಿತ್ರಕ್ಕೆ ಎಚ್.ಡಿ.ಎಂ.ಐ. ತಂತಿಯ ಬಳಕೆ ಅವಶ್ಯ. ಎಚ್.ಡಿ. ವಾಹಿನಿಗಳಿಗೆ ಹಣ ಪಾವತಿಸಿಯೂ ಈ ಒಂದು ಕಾರಣದಿಂದ ಪ್ರಯೋಜನ ಪಡೆಯದಿರುವ ಸಾಧ್ಯತೆಯಿರುವುದರಿಂದ ಇದನ್ನು ತಪ್ಪದೇ ಪರೀಕ್ಷಿಸಬೇಕು.

ಮೂರನೆಯದು: ಒಟ್ಟು ವೆಚ್ಚ

ಸೆಟ್‌ನ ಬೆಲೆಯೊಂದೇ ಟಿ.ವಿ.ಯ ವೆಚ್ಚವಲ್ಲ. ಗೋಡೆಗೆ ಅಳವಡಿಸುವ ಸ್ಟ್ಯಾಂಡ್, ಅಳವಡಿಕೆಯ ಶುಲ್ಕ, ಎಚ್.ಡಿ. ಪೆಟ್ಟಿಗೆ, ತಂತಿ, ವೋಲ್ಟೇಜ್ ಏರಿಳಿತ ಹೆಚ್ಚಿರುವ ಕಡೆ ಸ್ಟೆಬಿಲೈಸರ್ ಹಾಗೂ ಮಾಸಿಕ ಶುಲ್ಕಗಳನ್ನು ಸೇರಿಸಿ ಲೆಕ್ಕ ಹಾಕಬೇಕು.

ವಿದ್ಯುತ್: 50 ವ್ಯಾಟ್‌ನ ಸೆಟ್ಟನ್ನು ದಿನಕ್ಕೆ 6 ಗಂಟೆ ಬಳಸಿದಲ್ಲಿ ತಿಂಗಳಿಗೆ 9 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 100 ವ್ಯಾಟ್‌ನ ಸೆಟ್‌ಗೆ 18 ಯೂನಿಟ್ ಬೇಕಾಗುತ್ತದೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯಲ್ಲಿ ವಾರ್ಷಿಕ ಬಳಕೆಯನ್ನು ಯೂನಿಟ್‌ಗಳಲ್ಲಿ ನಮೂದಿಸಲಾಗಿರುತ್ತದೆ. ಒಂದೇ ಗಾತ್ರದ ಎರಡು ಸೆಟ್‌ಗಳನ್ನು ಹೋಲಿಸುವಾಗ ನಕ್ಷತ್ರಗಳೊಂದಿಗೆ ಈ ಅಂಕಿಯನ್ನೂ ನೋಡಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಮ್ಮ ಅರ್ಹ ಮಿತಿಯನ್ನು ಮೀರಿದ ಯೂನಿಟ್‌ಗಳಿಗೆ ಶುಲ್ಕ ನೀಡಬೇಕಾಗಿರುವುದರಿಂದ ಮಿತಿಯ ಸಮೀಪದಲ್ಲಿರುವ ಮನೆಗಳಿಗೆ ಇದು ಮುಖ್ಯವಾಗುತ್ತದೆ.

ತೆರಿಗೆ: ಈ ಹಿಂದೆ 32 ಅಂಗುಲಕ್ಕಿಂತ ದೊಡ್ಡ ಸೆಟ್‌ಗಳಿಗೆ ಶೇ. 28ರಷ್ಟು ಸರಕು ಮತ್ತು ಸೇವಾ ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಇದನ್ನು ಶೇ. 18ಕ್ಕೆ ಇಳಿಸಲಾಗಿದೆ. ಹಳೆಯ ಬೆಲೆಪಟ್ಟಿಯನ್ನು ತೋರಿಸಿ ರಿಯಾಯಿತಿ ಹೇಳುವಲ್ಲಿ ಗ್ರಾಹಕರು ಈ ಬದಲಾವಣೆಯನ್ನು ನೆನಪಿನಲ್ಲಿಡಬೇಕು.

ಕಂತು: 'ಬಡ್ಡಿರಹಿತ ಕಂತು' ಎಂಬ ಪ್ರಕಟಣೆಯಲ್ಲಿ ಬಡ್ಡಿಯು ಬೇರೆ ರೂಪದಲ್ಲಿ ಅಡಗಿರಬಹುದು. ಕ್ರೆಡಿಟ್ ಕಾರ್ಡ್‌ಗಳ ಶೂನ್ಯ ಬಡ್ಡಿ ಕಂತುಗಳಲ್ಲಿ ಬಡ್ಡಿಯನ್ನು ಹಲವು ಬಾರಿ ಸಂಸ್ಕರಣಾ ಶುಲ್ಕದ ರೂಪದಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳ ಗಮನಕ್ಕೆ ತಂದಿತ್ತು. ಉದಾಹರಣೆಗೆ, 15,000 ರೂ. ಬೆಲೆಯ ಸೆಟ್‌ಗೆ ನಗದು ನೀಡಿದಲ್ಲಿ 1,200 ರೂ. ರಿಯಾಯಿತಿ ದೊರೆಯುತ್ತದೆ ಎಂದುಕೊಳ್ಳೋಣ. ಕಂತಿನಲ್ಲಿ ಆ ರಿಯಾಯಿತಿ ಇಲ್ಲದೆ 500 ರೂ. ಶುಲ್ಕವೂ ಅದರ ಮೇಲೆ 90 ರೂ. ತೆರಿಗೆಯೂ ಸೇರಿದಲ್ಲಿ ಗ್ರಾಹಕರು ಒಟ್ಟು 1,790 ರೂ. ಹೆಚ್ಚು ತೆತ್ತಂತಾಗುತ್ತದೆ. ಆದುದರಿಂದ ನಗದು ಬೆಲೆಯನ್ನು ಮೊದಲು ಕೇಳಿ ನಂತರ ಕಂತಿನ ಮಾತಿಗೆ ಬರುವುದು ಉತ್ತಮ.

ಹಣ ಉಳಿಸಬಹುದಾದ ಕಡೆ: ಸ್ಮಾರ್ಟ್ ಸೌಲಭ್ಯಗಳು ಪರದೆಗಿಂತ ಬೇಗ ಹಳತಾಗುತ್ತವೆ. ಅವು ನಿಧಾನವಾದಲ್ಲಿ ಎಚ್.ಡಿ.ಎಂ.ಐ. ದ್ವಾರಕ್ಕೆ ಜೋಡಿಸುವ ಸಣ್ಣ ಸಾಧನದಿಂದ ಅದೇ ಕೆಲಸ ಪಡೆಯಬಹುದು. ಪರದೆಯನ್ನು ಮಾತ್ರ ನಂತರ ಉತ್ತಮಪಡಿಸಲು ಬರುವುದಿಲ್ಲ. ಆದುದರಿಂದ ಹಣ ಸೀಮಿತವಿದ್ದಾಗ ಪರದೆಯ ಗುಣಮಟ್ಟ, ಕನಿಷ್ಠ 2 ಎಚ್.ಡಿ.ಎಂ.ಐ. ದ್ವಾರಗಳು ಹಾಗೂ ಸಮೀಪದಲ್ಲಿ ಸೇವಾ ಕೇಂದ್ರ ಇವುಗಳಿಗೆ ಆದ್ಯತೆ ನೀಡಬೇಕು. ತಾಲ್ಲೂಕು ಕೇಂದ್ರದಲ್ಲಿಯಾಗಲಿ ಜಿಲ್ಲಾ ಕೇಂದ್ರದಲ್ಲಿಯಾಗಲಿ ಸೇವೆ ದೊರೆಯದ ಸೆಟ್ ಅಗ್ಗವಾಗಿದ್ದರೂ ಮೊದಲ ದುರಸ್ತಿಯಲ್ಲೇ ದುಬಾರಿಯಾಗಬಹುದು.

ಅಂಗಡಿಯಲ್ಲಿ ಪರಿಶೀಲಿಸಬೇಕಾದುದು

ಅಂಗಡಿಗಳಲ್ಲಿ ಸಾಮಾನ್ಯವಾಗಿ ವಿಶೇಷವಾಗಿ ಸಿದ್ಧಪಡಿಸಿದ ದೃಶ್ಯಗಳನ್ನು ಅತಿ ಪ್ರಖರ ಬೆಳಕಿನಲ್ಲಿ ತೋರಿಸಲಾಗುತ್ತದೆ. ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿ ತೋರಿಸುವಂತೆ ಗ್ರಾಹಕರು ಕೇಳಬಹುದು. ಪಕ್ಕದಿಂದ ನಿಂತು ನೋಡಿದಾಗ ಬಣ್ಣ ಮಾಸುವುದೇ, ಮಾತು ಸ್ಪಷ್ಟವಾಗಿ ಕೇಳುವುದೇ ಎಂಬುದನ್ನು ಗಮನಿಸಬೇಕು. ಇದರೊಂದಿಗೆ:

1. ಸೆಟ್ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ 8 ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದು. ಈ ಸಂಖ್ಯೆಯನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.
2. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಚಿಲ್ಲರೆ ಮಾರಾಟ ಬೆಲೆ ಹಾಗೂ ಗ್ರಾಹಕ ಸೇವಾ ವಿವರಗಳನ್ನು ಓದುವುದು. ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲು ಮಾಡಿದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.
3. ವಾರಂಟಿ ಎಷ್ಟು ವರ್ಷ, ಪರದೆಗೂ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಪಡೆಯುವುದು. ಪೆಟ್ಟು ಬಿದ್ದು ಒಡೆದ ಪರದೆಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ.
4. ಮನೆಗೆ ತಲುಪಿದ ಸೆಟ್ಟನ್ನು ತಂದವರ ಸಮಕ್ಷಮ ತೆರೆದು, ಚಾಲನೆ ಮಾಡಿ ನೋಡುವುದು. ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳುವುದು.

ರಸೀದಿ ಇಲ್ಲದ ಖರೀದಿ ಬೇಡ

'ರಸೀದಿ ಬೇಡವಾದರೆ ತೆರಿಗೆ ಉಳಿಯುತ್ತದೆ' ಎಂಬ ಮಾತಿಗೆ ಗ್ರಾಹಕರು ಮಾರುಹೋಗಬಾರದು. ತೆರಿಗೆ ಸೇರಿ 15,000 ರೂ. ಬೆಲೆಯ ಸೆಟ್‌ನಲ್ಲಿ ತೆರಿಗೆಯ ಪಾಲು ಸುಮಾರು 2,288 ರೂ. ಇಷ್ಟನ್ನು ಉಳಿಸಲು ಹೋದವರು ಸೆಟ್ ಕೆಟ್ಟಾಗ ವಾರಂಟಿಯನ್ನು ಕಳೆದುಕೊಳ್ಳುವುದಲ್ಲದೆ, ಅದನ್ನು ಆ ಅಂಗಡಿಯಲ್ಲಿಯೇ ಕೊಂಡುದಾಗಿ ಸಾಬೀತುಪಡಿಸುವುದೂ ಕಷ್ಟವಾಗುತ್ತದೆ.

ರಸೀದಿ ನೀಡದಿರುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷಯುಕ್ತ ವಸ್ತುವನ್ನು ರಸೀದಿಯಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಸಹ ಅನುಚಿತ ವ್ಯಾಪಾರ ಪದ್ಧತಿಯೇ ಆಗಿದೆ. 'ಮಾರಿದ ಸರಕನ್ನು ವಾಪಸು ಪಡೆಯಲಾಗುವುದಿಲ್ಲ' ಎಂಬ ಫಲಕ ಅಂಗಡಿಯಲ್ಲಿದ್ದ ಮಾತ್ರಕ್ಕೆ ದೋಷಯುಕ್ತ ಸೆಟ್‌ನ ಬಗ್ಗೆ ಗ್ರಾಹಕರಿಗಿರುವ ಈ ಹಕ್ಕು ಇಲ್ಲವಾಗುವುದಿಲ್ಲ.

ದೂರು ಸಲ್ಲಿಸುವ ವಿಧಾನ

1. ಮೊದಲು ಮಾರಾಟಗಾರರಿಗೆ ಹಾಗೂ ತಯಾರಕರ ಗ್ರಾಹಕ ಸೇವಾ ಕೇಂದ್ರಕ್ಕೆ ಲಿಖಿತವಾಗಿ ದೂರು ನೀಡಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಆನ್‌ಲೈನ್ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 2020ರ ಇ-ವಾಣಿಜ್ಯ ನಿಯಮಗಳನ್ವಯ 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸತಕ್ಕದ್ದು.
2. ಸ್ಪಂದನೆ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಶುಲ್ಕರಹಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ದೂರು ದಾಖಲಿಸಬಹುದು.
3. ಇಲ್ಲಿಯೂ ಬಗೆಹರಿಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. ವಸ್ತುವಿಗೆ ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.
4. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು.

ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು: ಖರೀದಿ ರಸೀದಿ, ವಾರಂಟಿ ಪತ್ರ, ಹಣ ಪಾವತಿಯ ವಿವರ, ಸೇವಾ ಕೇಂದ್ರದ ಜಾಬ್ ಶೀಟ್, ಈ ಹಿಂದೆ ನಡೆಸಿದ ಪತ್ರವ್ಯವಹಾರದ ಪ್ರತಿಗಳು ಹಾಗೂ ದೋಷವನ್ನು ತೋರಿಸುವ ಛಾಯಾಚಿತ್ರಗಳು. ರಸೀದಿಯ ಮುದ್ರಣವು ಕಾಲಕ್ರಮೇಣ ಅಳಿಸಿಹೋಗುವ ಸಾಧ್ಯತೆಯಿರುವುದರಿಂದ ಖರೀದಿಸಿದ ದಿನವೇ ಅದರ ನೆರಳಚ್ಚು ಪ್ರತಿ ತೆಗೆದಿಡುವುದು ಒಳಿತು.

ಹಳೆಯ ಸೆಟ್‌ನ ವಿಲೇವಾರಿ

ಹಳೆಯ ಉಬ್ಬು ಪರದೆಯ ಟಿ.ವಿ.ಯ ಗಾಜಿನಲ್ಲಿ ಸೀಸದ ಅಂಶವಿರುತ್ತದೆ. ಅದನ್ನು ಒಡೆಯುವುದು, ಸುಡುವುದು ಅಥವಾ ಕಸದೊಂದಿಗೆ ಎಸೆಯುವುದು ಅಪಾಯಕಾರಿ. ವಿನಿಮಯ ಯೋಜನೆಯಲ್ಲಿ ಮಾರಾಟಗಾರರಿಗೆ ಹಿಂತಿರುಗಿಸಬಹುದು ಅಥವಾ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪಿಸಬಹುದು.

ಕೊನೆಯದಾಗಿ

ಅಂಗಡಿಗೆ ಹೊರಡುವ ಮುನ್ನ ಕುಳಿತುಕೊಳ್ಳುವ ದೂರ, ಮನೆಯಲ್ಲಿರುವ ಪ್ರಸಾರ ಸಂಪರ್ಕ ಮತ್ತು ಎಲ್ಲ ವೆಚ್ಚ ಸೇರಿ ನೀಡಬಹುದಾದ ಗರಿಷ್ಠ ಮೊತ್ತ ಇವು ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಹಾಗೂ ಮರಳುವಾಗ ರಸೀದಿಯನ್ನು ತಪ್ಪದೇ ತರುವುದು ಗ್ರಾಹಕರ ಹಿತಕ್ಕೆ ಅವಶ್ಯಕ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.